ಎರಡು ದಡಗಳ ಆಟಗಾರ: ಕ್ಲೈವ್ ಸಲಿವನ್

ರಗ್ಬಿ ಆಟದಲ್ಲಿ ಎರಡು ಪಂಗಡಗಳಿವೆ ಎಂಬ ಸಂಗತಿ ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದಿರಲಾರದು. ಹದಿನೈದು ಜನರು ಆಡುವುದು ಯೂನಿಯನ್. ಹದಿಮೂರು ಜನರದು ಲೀಗ್. ಇವೆರಡೂ ಬೇರೆಯಾದದ್ದು ಆಟದ ನಿಯಮಗಳ ಜಗಳದಿಂದಲ್ಲ, ಕೂಲಿಯ ಪ್ರಶ್ನೆಯಿಂದ.

ಉತ್ತರ ಇಂಗ್ಲೆಂಡಿನ ಆಟಗಾರರಲ್ಲಿ ಬಹುಮಂದಿ ಗಿರಣಿ ಮತ್ತು ಗಣಿಗಳ ಕೆಲಸಗಾರರು. ಶನಿವಾರ ಪರವೂರಿನಲ್ಲಿ ಪಂದ್ಯವಿದ್ದರೆ ಬೆಳಗಿನ ಕೆಲಸ ತಪ್ಪಿಸಬೇಕು. ಆ ಹೊತ್ತಿನ ಸಂಬಳ ಖೋತಾ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಸಂಬಳವಿಲ್ಲದ ರಜೆ. ಹೀಗೆ ಖೋತಾ ಆದದ್ದನ್ನು ಮಾತ್ರ ತುಂಬಿಕೊಡಲು ಅನುಮತಿ ಬೇಕೆಂದು ಉತ್ತರದವರು 1893ರಲ್ಲಿ ಕೇಳಿದರು. ಲಂಡನ್ನಿನಲ್ಲಿ ನಡೆದ ಸಭೆ ಅದನ್ನು ತಳ್ಳಿಹಾಕಿತು. ಆಟವೆಂಬುದು ಹವ್ಯಾಸವೇ ಹೊರತು ಹಣಕ್ಕಾಗಿ ಅಲ್ಲ ಎಂಬ ವಾದ, ಶನಿವಾರದ ಕೂಲಿಯನ್ನು ನಂಬಿ ಬದುಕಬೇಕಾಗಿಲ್ಲದವರ ಬಾಯಲ್ಲಿ ಚೆನ್ನಾಗಿಯೇ ಕೇಳುತ್ತದೆ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆ ಒಲೆ ಹೂಡಿದವು. 1898ರಲ್ಲಿ ಆಟಗಾರರಿಗೆ ಸಂಭಾವನೆ ಕೊಡಲು ಒಪ್ಪಿಗೆ ಸಿಕ್ಕಿತು. ಆದರೆ ಆಟಗಾರನಿಗೆ ಬೇರೊಂದು ಉದ್ಯೋಗವಿರಲೇಬೇಕೆಂಬ ಷರತ್ತಿನೊಡನೆ! 1906ರಲ್ಲಿ ತಂಡ ಹದಿಮೂರಕ್ಕೆ ಇಳಿಯಿತು. ಎದುರಾಳಿಗಳು ಹಿಡಿದು ಕೆಡವಿದವನು ಎದ್ದು ನಿಂತು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಸರಿಸಿ ಆಟ ಮುಂದುವರಿಸುವ ಪದ್ಧತಿಯೂ ಆಗಲೇ ಬಂತು. ಕಬಡ್ಡಿ ನೋಡಿ ಬೆಳೆದ ನಮಗೆ ಈ ಹಿಡಿತದ ವರಸೆಗಳು ತೀರಾ ಅಪರಿಚಿತವೆನಿಸಲಾರವು. ಲೀಗಿನಲ್ಲಿ ಆಡಿದವನಿಗೆ ಯೂನಿಯನ್ನಿನ ಬಾಗಿಲು ಮುಚ್ಚಿಹೋಗುತ್ತಿತ್ತು. ಯೂನಿಯನ್ ತಾನೂ ಆಟಗಾರರಿಗೆ ಬಹಿರಂಗವಾಗಿ ಹಣ ಕೊಡಲು ಒಪ್ಪಿದ್ದು 1995ರಲ್ಲಿ, ಸರಿಯಾಗಿ ನೂರು ವರ್ಷಗಳ ಮೇಲೆ.

ಈ ಪೀಠಿಕೆ ಸ್ವಲ್ಪ ಉದ್ದವಾಯಿತು. ಆದರೆ ಇದಿಲ್ಲದೆ ಕ್ಲೈವ್ ಸಲಿವನ್ ಎಂಬ ಆಟಗಾರನ ವೃತ್ತಿಜೀವನ ಅರ್ಥವಾಗುವುದಿಲ್ಲ.

ಸಲಿವನ್ ಹುಟ್ಟಿದ್ದು 1943ರ ಏಪ್ರಿಲ್ 9ರಂದು, ವೇಲ್ಸ್ ಪ್ರಾಂತದ ಕಾರ್ಡಿಫ್ ನಗರದ ಸ್ಪ್ಲಾಟ್ ಬಡಾವಣೆಯ ಕರಿಯ ಜನಾಂಗದ ಮನೆಯೊಂದರಲ್ಲಿ. ವೇಲ್ಸ್‌ನಲ್ಲಿ ಯೂನಿಯನ್ ಆಟವೆಂದರೆ ಜನಕ್ಕೆ ಪ್ರಾಣ. ಆದರೆ ಆ ಕಾಲದ ವೇಲ್ಸ್ ರಾಷ್ಟ್ರೀಯ ತಂಡದಲ್ಲಿ ಕಪ್ಪು ಮುಖವೊಂದೂ ಕಾಣಿಸಲಿಲ್ಲ. ಅದೇ ಕಾರ್ಡಿಫ್‌ನ ಬಿಲ್ಲಿ ಬಾಸ್ಟನ್ 1953ರಲ್ಲಿ ಉತ್ತರದ ವಿಗನ್ ಕ್ಲಬ್ಬಿಗೆ ಹೊರಟುಹೋಗಿ ಲೀಗಿನಲ್ಲಿ ದೊಡ್ಡ ಹೆಸರು ಮಾಡಿದ. ಸಲಿವನ್‌ನ ದಾರಿಯೂ ಅದೇ ದಿಕ್ಕಿನದು. ಆದರೆ ಅವನಿಗೆ ಇನ್ನೊಂದು ತೊಡಕಿತ್ತು. ಹುಡುಗನಾಗಿದ್ದಾಗಲೇ ಕಾಲು, ಪಾದ, ಭುಜಗಳಿಗೆ ಹಲವು ಶಸ್ತ್ರಚಿಕಿತ್ಸೆಗಳಾಗಿದ್ದವು. ಇವನು ಆಟಗಾರನಾದಾನೆಂದು ವೈದ್ಯರು ನಂಬಿರಲಿಲ್ಲ.

ಸೈನ್ಯಕ್ಕೆ ಸೇರಿದ ಮೇಲೆ, ವೇಲ್ಸ್‌ನವನು ಎಂದಮೇಲೆ ರಗ್ಬಿ ಬಾರದೆ ಇದ್ದೀತೆ ಎಂದು ಅವನನ್ನು ತಂಡಕ್ಕೆ ಸೇರಿಸಿಕೊಂಡರಂತೆ. ಹಳೆಯ ಕಾಯಿಲೆಯ ಸಂಗತಿ ಬಾಯಿಬಿಟ್ಟರೆ ಸೈನ್ಯದಿಂದಲೇ ಹೊರಬೀಳಬೇಕಾದೀತೆಂದು ಹುಡುಗ ಸುಮ್ಮನೆ ಆಡಿದ, ಆಡಿ ಗೆದ್ದ. ಬ್ರಾಡ್‌ಫರ್ಡ್ ನಾರ್ದರ್ನ್ ಕ್ಲಬ್ ಪರೀಕ್ಷೆಗೆ ಕರೆದು ಬೇಡವೆಂದಿತು. 1961ರಲ್ಲಿ ಹಲ್ ಕ್ಲಬ್ಬು ಬ್ರಾಮ್ಲಿ ತಂಡದ ವಿರುದ್ಧ ಅವನನ್ನು ಗುಪ್ತನಾಮದಲ್ಲಿ ಇಳಿಸಿತು. ಲೀಗಿನಲ್ಲಿ ಆಡಿದ್ದು ಗೊತ್ತಾದರೆ ಯೂನಿಯನ್ನಿನಲ್ಲಿ ಬಹಿಷ್ಕಾರವಲ್ಲವೇ, ಅದಕ್ಕೇ ಹೊಸಬರಿಗೆ ಈ ವೇಷ. ಆ ಅನಾಮಿಕ ಮೂರು ‘ಟ್ರೈ’ ಗಳಿಸಿದ. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸುವುದೇ ಟ್ರೈ. ಆಗ ಅದಕ್ಕೆ ಮೂರು ಅಂಕ. ಮಾರನೆಯ ದಿನವೇ ಒಪ್ಪಂದಕ್ಕೆ ಸಹಿಯಾಯಿತು.

1963ರಲ್ಲಿ ಕಾರು ಅಪಘಾತದಿಂದ ಪ್ರಾಣಾಪಾಯದ ಅಂಚಿಗೆ ಹೋದವನು ಕೆಲವೇ ತಿಂಗಳಲ್ಲಿ ಮೈದಾನಕ್ಕೆ ಮರಳಿದ. ಮುಂದೆ ಮಂಡಿಯ ಚಿಕಿತ್ಸೆಗಳೂ ಆದವು. ಇಷ್ಟಾದರೂ ಅವನ ಬಂಡವಾಳವೆಂದರೆ ಆ ಕಾಲುಗಳ ಓಟವೇ. ಅಂಚಿನಲ್ಲಿ ನಿಂತು ಚೆಂಡು ಸಿಕ್ಕೊಡನೆ ಓಡುವ ‘ವಿಂಗ್’ ಸ್ಥಾನ ಅವನದು. 1968ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ಮೂರು ಟ್ರೈ ಗಳಿಸಿದ.

1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕತ್ವ ಅವನಿಗೆ ಬಂತು. ಯಾವುದೇ ಪ್ರಮುಖ ಕ್ರೀಡೆಯಲ್ಲಿ ಬ್ರಿಟನ್ನಿನ ರಾಷ್ಟ್ರೀಯ ತಂಡಕ್ಕೆ ಕರಿಯನೊಬ್ಬ ನಾಯಕನಾದದ್ದು ಅದೇ ಮೊದಲು. ಇಂಗ್ಲೆಂಡಿನ ಫುಟ್‌ಬಾಲ್ ತಂಡದಲ್ಲಿ ಕರಿಯ ಆಟಗಾರ ವಿವ್ ಆಂಡರ್ಸನ್ ಕಾಣಿಸಿಕೊಂಡದ್ದು 1978ರಲ್ಲಿ, ಅದೂ ಬರಿಯ ಆಟಗಾರನಾಗಿ. ಫ್ರಾನ್ಸಿನ ಲಿಯಾನ್ ನಗರದಲ್ಲಿ ನವೆಂಬರ್ 11ರಂದು ಆಸ್ಟ್ರೇಲಿಯದೊಡನೆ ಅಂತಿಮ ಪಂದ್ಯ. ನೋಡಲು ಬಂದವರು ನಾಲ್ಕು ಸಾವಿರ ಚಿಲ್ಲರೆ. ವಿಶ್ವಕಪ್ ಎಂದರೆ ಜಾತ್ರೆ ಎಂದುಕೊಂಡಿರುವ ನಮಗೆ ನಂಬುವುದೇ ಕಷ್ಟ. ತನ್ನದೇ ಪಾಳಯದಲ್ಲಿ ಚೆಂಡು ಹಿಡಿದ ಸಲಿವನ್ ಸುಮಾರು 80 ಗಜ ಒಬ್ಬನೇ ಓಡಿ ಟ್ರೈ ಗಳಿಸಿದ. ಪಂದ್ಯ 10-10ರಲ್ಲಿ ನಿಂತಿತು. ಹೆಚ್ಚುವರಿ ಅವಧಿಯೂ ಹಾಗೆಯೇ ಕಳೆಯಿತು. ಹಿಂದಿನ ಸುತ್ತಿನಲ್ಲಿ ಹೆಚ್ಚು ಅಂಕ ಗಳಿಸಿದ್ದ ಬ್ರಿಟನ್ನಿಗೆ ಕಪ್ ಸಂದಿತು. ನಿಯಮದಿಂದ ಬಂದ ಗೆಲುವು ಎನ್ನುವವರು ಎನ್ನಲಿ. ಆ 80 ಗಜದ ಓಟವಿಲ್ಲದಿದ್ದರೆ ಆ ನಿಯಮದ ಮಾತೇ ಬರುತ್ತಿರಲಿಲ್ಲ.

ಹಲ್ ಬಂದರು ನಗರವನ್ನು ಅದೇ ಹೆಸರಿನ ನದಿ ಎರಡಾಗಿ ಸೀಳುತ್ತದೆ. ಪಶ್ಚಿಮದಲ್ಲಿ ಮೀನುಗಾರರ ಕೇರಿ, ಹಲ್ ಕ್ಲಬ್ಬು. ಪೂರ್ವದಲ್ಲಿ ಹಡಗುಕಟ್ಟೆಯ ಕೂಲಿಗಳು, ಹಲ್ ಕಿಂಗ್‌ಸ್ಟನ್ ರೋವರ್ಸ್. ಇವರಿಬ್ಬರದು ಹಾವು ಮುಂಗುಸಿಯ ಸಂಬಂಧ. ಸಲಿವನ್ 1974ರಲ್ಲಿ ನದಿ ದಾಟಿ ರೋವರ್ಸ್ ಸೇರಿದ. ಇಂಥವನನ್ನು ಒಂದು ದಡದವರು ದ್ರೋಹಿಯೆಂದೂ ಇನ್ನೊಂದು ದಡದವರು ಪರಕೀಯನೆಂದೂ ಕರೆಯುವುದು ಲೋಕರೂಢಿ. ಇಲ್ಲಿ ಇಬ್ಬರೂ ಅವನನ್ನು ತಮ್ಮವನೆಂದರು. ಹಲ್ ಪರವಾಗಿ 250 ಟ್ರೈ, ರೋವರ್ಸ್ ಪರವಾಗಿ 118. ಎರಡೂ ಕಡೆ ನೂರು ದಾಟಿದ ಆಟಗಾರ ಬೇರೊಬ್ಬನಿಲ್ಲ. 1980ರಲ್ಲಿ ಇವೇ ಎರಡು ತಂಡಗಳು ವೆಂಬ್ಲಿಯಲ್ಲಿ ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯಕ್ಕೆ ಇಳಿದಾಗ, ಕೊನೆಗೆ ಊರು ಬಿಡುವವರು ದೀಪ ಆರಿಸಿ ಹೋಗಿರೆಂದು ಹೆದ್ದಾರಿಯ ಬದಿಯಲ್ಲಿ ಯಾರೋ ಫಲಕ ಬರೆದಿಟ್ಟಿದ್ದರು. 37 ವರ್ಷದ ಸಲಿವನ್ ಆಡಿದ ರೋವರ್ಸ್ 10-5ರಿಂದ ಗೆದ್ದಿತು. ಎರಡು ವರ್ಷದ ಮೇಲೆ ಹಳೆಯ ಕ್ಲಬ್ಬು ಹಲ್ ಅವನನ್ನು ಮರುಪಂದ್ಯವೊಂದಕ್ಕೆ ಕರೆಯಿತು. 39ರಲ್ಲಿ ಅದೇ ಕಪ್ಪನ್ನು ಆ ಕಡೆಯಿಂದಲೂ ಗೆದ್ದ.

1985ರ ಅಕ್ಟೋಬರಿನಲ್ಲಿ ಕ್ಯಾನ್ಸರ್ ಅವನನ್ನು ಒಯ್ದಿತು. ವಯಸ್ಸು 42. ಪಶ್ಚಿಮದಿಂದ ಹಲ್ ನಗರವನ್ನು ಪ್ರವೇಶಿಸುವ ಹೆದ್ದಾರಿಗೆ ಊರಿನವರು ಕ್ಲೈವ್ ಸಲಿವನ್ ಮಾರ್ಗವೆಂದು ಹೆಸರಿಟ್ಟರು. ಹುಟ್ಟೂರು ಕಾರ್ಡಿಫ್ ನೆನೆಸಿಕೊಳ್ಳುವುದಕ್ಕೆ ಇನ್ನೂ ಬಹಳ ವರ್ಷ ಹಿಡಿಯಿತು. 2023ರ ಜುಲೈನಲ್ಲಿ ಅಲ್ಲಿನ ಬಂದರಿನ ಬಳಿ ಬಾಸ್ಟನ್, ಸಲಿವನ್ ಮತ್ತು ಅವರಿಗಿಂತ ಹಿರಿಯನಾದ ಗಸ್ ರಿಸ್ಮನ್, ಮೂವರ ಪ್ರತಿಮೆ ಅನಾವರಣಗೊಂಡಿತು. ಆ ಹೊತ್ತಿಗೆ ಮೂವರಲ್ಲಿ ಬದುಕಿದ್ದವನು ಬಾಸ್ಟನ್ ಒಬ್ಬನೇ.