ನೆಲವನ್ನೇ ಎತ್ತಿದ ಊರು

ಚೆನ್ನೈ, ಮುಂಬಯಿಗಳಲ್ಲಿ ನೆಲೆಸಿರುವ ನಮಗೆ ಒಂದು ಸಂಗತಿ ಹೊಸದಲ್ಲ. ಡಾಂಬರು ಹಾಕಿದ ಪ್ರತಿ ಸಲವೂ ರಸ್ತೆ ನಾಲ್ಕು ಬೆರಳು ಮೇಲೇರುತ್ತದೆ, ಹಳೆಯ ಮನೆಗಳ ಹೊಸ್ತಿಲು ಅಷ್ಟೇ ತಗ್ಗಿಗೆ ಬೀಳುತ್ತದೆ. ಮಳೆಗಾಲದಲ್ಲಿ ಬೀದಿಯ ನೀರು ನಡುಮನೆಗೆ ನುಗ್ಗುತ್ತದೆ. ಕೈಯಲ್ಲಿ ಹಣವಿದ್ದವರು ಮನೆಯನ್ನು ಜ್ಯಾಕುಗಳ ಮೇಲೆ ಎತ್ತಿಸುತ್ತಾರೆ, ಇಲ್ಲದವರು ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆ ಕಟ್ಟುತ್ತಾರೆ. ಒಬ್ಬೊಬ್ಬರಾಗಿ ನಾವು ಮಾಡುತ್ತಿರುವ ಈ ಕೆಲಸವನ್ನು ಒಂದು ಊರು ಒಟ್ಟಾಗಿ ಮಾಡಿದ್ದುಂಟು. ಅದು ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್.

ಗ್ಯಾಲ್ವೆಸ್ಟನ್ ಒಂದು ಮರಳಿನ ದ್ವೀಪ. ಅದರ ಅತ್ಯುನ್ನತ ಸ್ಥಳವೂ ಸಮುದ್ರಮಟ್ಟದಿಂದ ಒಂಬತ್ತು ಅಡಿ ಮೀರಿರಲಿಲ್ಲ. ಅದೇ ಕರಾವಳಿಯ ಇಂಡಿಯನೋಲ ಎಂಬ ಬಂದರು 1875 ಮತ್ತು 1886ರ ಚಂಡಮಾರುತಗಳಿಗೆ ಸಿಕ್ಕಿ ಅಳಿದುಹೋಗಿತ್ತು. ಆಗ ಗ್ಯಾಲ್ವೆಸ್ಟನ್ನಿನಲ್ಲಿ ತಡೆಗೋಡೆಯ ಮಾತು ಎದ್ದು, ಮಾತಾಗಿಯೇ ಉಳಿಯಿತು. ಚಂಡಮಾರುತದಿಂದ ಈ ಊರಿಗೆ ದೊಡ್ಡ ಹಾನಿಯಾದೀತೆಂಬುದು ಬರಿಯ ಭ್ರಮೆಯೆಂದು ಅಲ್ಲಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್ 1891ರಲ್ಲಿ ಪತ್ರಿಕೆಗೆ ಬರೆದರು. 1900ರ ಸೆಪ್ಟೆಂಬರ್ 8ರಂದು ಹದಿನೈದು ಅಡಿಗೂ ಮಿಕ್ಕ ಕಡಲುಬ್ಬರ ದ್ವೀಪವನ್ನು ಮುಳುಗಿಸಿತು. ಸುಮಾರು 38,000 ಜನರಿದ್ದ ಊರಿನಲ್ಲಿ ಸತ್ತವರು ಕಡಿಮೆಯೆಂದರೆ 6,000. ಕ್ಲೈನರ ಪತ್ನಿಯೂ ಅವರಲ್ಲೊಬ್ಬರು.

ನೀರು ಇಳಿದ ಮೇಲಿನ ದಿನಗಳು ಇನ್ನೂ ಘೋರ. ಹೂಳಲು ನೆಲವೆಲ್ಲ ಕೆಸರು. ಹೆಣಗಳಿಗೆ ಭಾರ ಕಟ್ಟಿ ಕಡಲಿಗೆ ಹಾಕಿದರೆ ಅಲೆಗಳು ಅವನ್ನು ದಡಕ್ಕೆ ಮರಳಿಸಿದವು. ಕೊನೆಗೆ ವಾರಗಟ್ಟಲೆ ಚಿತೆಗಳು ಉರಿದವು. ಈ ಕೆಲಸಕ್ಕೆ ಬಂದೂಕು ತೋರಿಸಿ ಹಚ್ಚಿದ್ದು ಹೆಚ್ಚಾಗಿ ಕಪ್ಪು ಜನರನ್ನು. ಊರಿನ ಸಾಹಸವನ್ನು ಹೊಗಳುವವರು ಈ ಪುಟವನ್ನು ಬೇಗ ಮಗುಚಿಬಿಡುತ್ತಾರೆ.

ಊರನ್ನು ಬಿಟ್ಟುಹೋಗುವುದೇ ಸುಲಭವಾಗಿತ್ತು. ಆದರೆ ಉಳಿದವರು ಮೂವರು ಎಂಜಿನಿಯರುಗಳನ್ನು ಕರೆಸಿದರು. ಅವರಲ್ಲೊಬ್ಬರು ಹೆನ್ರಿ ಮಾರ್ಟಿನ್ ರಾಬರ್ಟ್. ಸಭೆ ನಡೆಸುವ ನಿಯಮಗಳನ್ನು ಬರೆದು ಹೆಸರಾದವರು ಇವರೇ! ಅವರ ಸಲಹೆ ಎರಡು: ಹದಿನೇಳು ಅಡಿ ಎತ್ತರದ ಗೋಡೆ, ಅದರ ಹಿಂದೆ ಊರಿನ ನೆಲವನ್ನೇ ಎತ್ತರಿಸುವುದು. ಮೂರು ಮೈಲಿಗೂ ಉದ್ದದ ಗೋಡೆ 1904ರಲ್ಲಿ ಮುಗಿಯಿತು. ನೆಲ ಎತ್ತುವ ಕೆಲಸ 1911ರವರೆಗೆ ನಡೆಯಿತು.

ಅದನ್ನು ಮಾಡಿದ ಬಗೆ ಸೋಜಿಗದ್ದು. ದ್ವೀಪದೊಳಗೆ ಕಾಲುವೆ ತೋಡಿ, ಹೂಳೆತ್ತುವ ಹಡಗುಗಳನ್ನು ಊರೊಳಗೇ ತಂದರು. ಒಂದೊಂದು ಭಾಗಕ್ಕೂ ಸುತ್ತ ಒಡ್ಡು ಕಟ್ಟಿ, ಅಲ್ಲಿನ ಮನೆಗಳನ್ನು ತಿರುಪಿನ ಜ್ಯಾಕುಗಳಿಂದ ಮೇಲೆತ್ತಿ, ಅಡಿಗೆ ಮರಳು ಬೆರೆತ ನೀರನ್ನು ಪಂಪಿನಿಂದ ಹರಿಸಿದರು. ನೀರು ಬಸಿದುಹೋದಂತೆ ಮರಳು ನಿಂತಿತು. ನೀರಿನ ಕೊಳವೆ, ಅನಿಲದ ಕೊಳವೆ, ಟ್ರಾಮಿನ ಹಳಿ ಎಲ್ಲವೂ ಮೇಲೇರಬೇಕಾಯಿತು. ಸುಮಾರು 3,000 ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಚರ್ಚು ಐದು ಅಡಿ ಮೇಲೆದ್ದಿತು. ಹೀಗೆ ಎದ್ದ ಕಟ್ಟಡಗಳು ಎರಡು ಸಾವಿರಕ್ಕೂ ಹೆಚ್ಚು. ಜನ ವರ್ಷಗಟ್ಟಲೆ ಕೆಸರಿನ ಮೇಲೆ ಹಲಗೆಯ ಕಾಲುಹಾದಿಯಲ್ಲಿ ನಡೆದರು.

ಮರಳು ತುಂಬಿಸುವ ವೆಚ್ಚ ಸಾರ್ವಜನಿಕರದು, ಮನೆ ಎತ್ತಿಸುವ ವೆಚ್ಚ ಮಾಲೀಕನದು. ಎತ್ತಿಸಲಾಗದವರು ಕೆಳಗಿನ ಅಂತಸ್ತನ್ನು ಮರಳಿಗೆ ಬಿಟ್ಟುಕೊಟ್ಟರು. ಉಪ್ಪುಕೆಸರಿಗೆ ಗಿಡಮರಗಳೆಲ್ಲ ಸತ್ತವು. ಊರಿನ ಹೆಂಗಸರು ಸಂಘ ಕಟ್ಟಿ ಮತ್ತೆ ನೆಟ್ಟರು. ಹಾಗೆ ನೆಟ್ಟವುಗಳಲ್ಲಿ ನಮ್ಮ ಗುಡಿಗಳ ಅಂಗಳದಲ್ಲಿ ಅರಳುವ ಕಣಗಿಲೆಯೂ ಇತ್ತು. ಇಂದಿಗೂ ಅದು ಕಣಗಿಲೆಯ ಊರೆಂದೇ ಪ್ರಸಿದ್ಧ.

1915ರಲ್ಲಿ ಅಷ್ಟೇ ಉಗ್ರವಾದ ಚಂಡಮಾರುತ ಬಂದಾಗ ಗೋಡೆಯ ಹಿಂದಿನ ಊರಿನಲ್ಲಿ ಸತ್ತವರು ಇಪ್ಪತ್ತಕ್ಕೂ ಕಡಿಮೆ. ಅಷ್ಟರಲ್ಲಿ ವ್ಯಾಪಾರ ಮಾತ್ರ ಒಳನಾಡಿನ ಹ್ಯೂಸ್ಟನ್ನಿಗೆ ಸರಿಯತೊಡಗಿತ್ತು. 2008ರ ಸೆಪ್ಟೆಂಬರಿನಲ್ಲಿ ಐಕ್ ಚಂಡಮಾರುತ ಅಪ್ಪಳಿಸಿದಾಗ ಗೋಡೆ ಕದಲಲಿಲ್ಲ. ನೀರು ಗೋಡೆಯಿಲ್ಲದ ಕೊಲ್ಲಿಯ ಕಡೆಯಿಂದ, ಊರಿನ ಬೆನ್ನ ಹಿಂದಿನಿಂದ ಬಂದಿತು.