ನಾನ್‌ಖಟಾಯಿಯೊಳಗಿನ ತುಪ್ಪ

ನಾನ್‌ಖಟಾಯಿಯ ಹುಟ್ಟನ್ನು ಸೂರತ್‌ನ ಡಚ್ಚರ ಬೇಕರಿಗೆ ಜೋಡಿಸುವ ಕಥೆಯೊಂದಿದೆ. ಖಾನಾಪುರದ ನಮ್ಮ ಮನೆಗೆ ಅದು ಬರುತ್ತಿದ್ದುದು ಬ್ರಿಟಿಷ್ ದಂಡಿನ ಸುತ್ತ ಬೆಳೆದ ಬೆಳಗಾವಿಯ ಕ್ಯಾಂಪಿನಿಂದ. ಹಿಟ್ಟು, ಸಕ್ಕರೆ, ತುಪ್ಪ ನಮ್ಮವು. ಭಟ್ಟಿ ಮಾತ್ರ ಬೇಕರಿಯದು.

ಲೆಕ್ಕ ಹಾಕಿ ನೋಡಿದೆ. 100 ಗ್ರಾಂ ಮೈದಾಕ್ಕೆ 50 ಗ್ರಾಂ ಸಕ್ಕರೆ, 50 ಗ್ರಾಂ ತುಪ್ಪ ಹಾಕಿದರೆ ಒಟ್ಟು ಸುಮಾರು 1000 ಕ್ಯಾಲೊರಿ. ತೂಕದಲ್ಲಿ ಕಾಲು ಪಾಲಾದ ತುಪ್ಪದಿಂದಲೇ ಅದರಲ್ಲಿ ಹತ್ತಿರ ಹತ್ತಿರ ಅರ್ಧ.

1930ರ ದಶಕದಲ್ಲಿ ಡಾಲ್ಡಾ ಬಂತು. ತುಪ್ಪದ ಜಾಗದಲ್ಲಿ ಅಗ್ಗದ ವನಸ್ಪತಿ ಕೂತಿತು. ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಆದರೆ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಸೇರಿಕೊಂಡಿತು. ಎಣ್ಣೆ, ಕೊಬ್ಬುಗಳಲ್ಲಿ ಅದಕ್ಕೆ ಶೇ. 2ರ ಮಿತಿ ಬಂದದ್ದು 2022ರಲ್ಲಿ. ಅಲ್ಲಿಯವರೆಗೆ ಹೆಚ್ಚಿನ ಬೆಲೆ ತೆತ್ತವರು ತುಪ್ಪ ಕೊಳ್ಳಲಾಗದವರೇ.