ಕರ್ನಾಟಕದಲ್ಲಿ ಗಾಲ್ಫ್ ಪ್ರವಾಸ

ಗಾಲ್ಫ್ ಪ್ರವಾಸ ಎಂದರೆ ಗಾಲ್ಫ್ ಆಡುವುದನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡು ಒಂದು ಅಥವಾ ಹೆಚ್ಚು ಮೈದಾನಗಳಿಗೆ ಕೈಗೊಳ್ಳುವ ಪ್ರವಾಸ. ಜಗತ್ತಿನ ಅನೇಕ ದೇಶಗಳಲ್ಲಿ ಇಂತಹ ಪ್ರವಾಸಗಳು ಕಡಲತೀರದ ವಿಹಾರಧಾಮಗಳನ್ನೂ ಸಾರ್ವಜನಿಕ ಮೈದಾನಗಳನ್ನೂ ಅವಲಂಬಿಸಿವೆ. ಕರ್ನಾಟಕದ ಸ್ಥಿತಿ ಇದಕ್ಕಿಂತ ಭಿನ್ನವಾಗಿದೆ. ಇಲ್ಲಿಯ ಹೆಚ್ಚಿನ ಗಾಲ್ಫ್ ಮೈದಾನಗಳು ಕರಾವಳಿಯಲ್ಲಿಲ್ಲ. ದಂಡುಪ್ರದೇಶ, ಅರಮನೆ, ಚಿನ್ನದ ಗಣಿ ಹಾಗೂ ಕಾಫಿ ತೋಟಗಳಿದ್ದ ಒಳನಾಡಿನಲ್ಲಿವೆ. ಅವುಗಳಲ್ಲಿ ಬಹುಪಾಲು ಸದಸ್ಯತ್ವ ಆಧಾರಿತ ಕ್ಲಬ್‌ಗಳಾಗಿವೆ. ಆದ್ದರಿಂದ ವಿಜಯಪುರದಂತಹ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಹೊರಡುವ ಪ್ರವಾಸಿಗರು ದೂರ ಮತ್ತು ಖರ್ಚಿಗಿಂತ ಮೊದಲು ಪ್ರವೇಶದ ನಿಯಮಗಳನ್ನು ತಿಳಿದುಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ಆಧುನಿಕ ಗಾಲ್ಫ್ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಬೆಳೆದ ಆಟ. 1457ರಲ್ಲಿ ಅಲ್ಲಿಯ ಸಂಸತ್ತು ಈ ಆಟವನ್ನು ನಿಷೇಧಿಸಿದ್ದು, ಆಗಲೇ ಅದು ಜನಪ್ರಿಯವಾಗಿತ್ತೆಂಬುದನ್ನು ಸೂಚಿಸುತ್ತದೆ. ಸಮುದ್ರಕ್ಕೂ ಉಳುಮೆಯ ಭೂಮಿಗೂ ನಡುವೆ ಇದ್ದ, ಬೇಸಾಯಕ್ಕೆ ಒದಗದ ಮರಳು ದಿಬ್ಬಗಳ ಹುಲ್ಲುಗಾವಲನ್ನು ಸ್ಕಾಟ್ ಜನರು ‘ಲಿಂಕ್ಸ್’ ಎಂದು ಕರೆಯುತ್ತಿದ್ದರು. ಕುರಿಗಳು ಮೇಯ್ದು ಹುಲ್ಲು ಗಿಡ್ಡವಾಗಿರುತ್ತಿತ್ತು; ಮಳೆನೀರು ಮರಳಿನಲ್ಲಿ ಬೇಗ ಇಂಗುತ್ತಿತ್ತು. ಹೀಗಾಗಿ ಆ ನೆಲವು ಸಹಜವಾಗಿಯೇ ಆಟಕ್ಕೆ ಯೋಗ್ಯವಾಗಿತ್ತು. 1764ರಲ್ಲಿ ಸೇಂಟ್ ಆಂಡ್ರೂಸ್ ಮೈದಾನದ ಒಂದು ಸುತ್ತನ್ನು 22 ಕುಳಿಗಳಿಂದ 18ಕ್ಕೆ ಇಳಿಸಲಾಯಿತು. ಮುಂದೆ ಅದೇ ಎಲ್ಲೆಡೆಯ ರೂಢಿಯಾಯಿತು.

ಭಾರತಕ್ಕೆ ಈ ಆಟವನ್ನು ತಂದವರು ಬ್ರಿಟಿಷರು. 1829ರಲ್ಲಿ ಸ್ಥಾಪನೆಯಾದ ಕಲ್ಕತ್ತೆಯ ಗಾಲ್ಫ್ ಕ್ಲಬ್ಬನ್ನು ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ ಎಂದು ಪರಿಗಣಿಸಲಾಗುತ್ತದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಆರಂಭವಾಯಿತು. ಭಾರತೀಯ ಗಾಲ್ಫ್ ಒಕ್ಕೂಟವು 1955ರಲ್ಲಿ ಸ್ಥಾಪನೆಯಾಯಿತು.

ಮೈದಾನದ ರಚನೆ

ಪೂರ್ಣ ಪ್ರಮಾಣದ ಮೈದಾನದಲ್ಲಿ 18 ಕುಳಿಗಳಿರುತ್ತವೆ. ಇದಕ್ಕೆ ಸಾಮಾನ್ಯವಾಗಿ 120ರಿಂದ 200 ಎಕರೆ ಭೂಮಿ ಬೇಕಾಗುತ್ತದೆ. ಚೆಂಡನ್ನು ಮೊದಲು ಹೊಡೆಯುವ ಸ್ಥಳಕ್ಕೆ ಟೀ ಎಂದೂ, ಕತ್ತರಿಸಿದ ಹುಲ್ಲಿನ ಉದ್ದನೆಯ ಪಟ್ಟಿಗೆ ಫೇರ್‌ವೇ ಎಂದೂ, ಕುಳಿಯಿರುವ ನುಣುಪಾದ ಹುಲ್ಲಿನ ಅಂಗಳಕ್ಕೆ ಗ್ರೀನ್ ಎಂದೂ ಹೆಸರು. ಕುಳಿಯ ವ್ಯಾಸ 108 ಮಿ.ಮೀ. ಒಬ್ಬ ಆಟಗಾರ ಒಂದು ಸುತ್ತಿನಲ್ಲಿ ಗರಿಷ್ಠ 14 ಕೋಲುಗಳನ್ನು ಒಯ್ಯಬಹುದು. ಚಿಕ್ಕ ಊರುಗಳಲ್ಲಿ 9 ಕುಳಿಗಳ ಮೈದಾನಗಳು ಹೆಚ್ಚು. ಅಲ್ಲಿ ಅದೇ ಕುಳಿಗಳನ್ನು ಬೇರೆ ಟೀಗಳಿಂದ ಎರಡು ಬಾರಿ ಆಡಿ 18ನ್ನು ಪೂರೈಸುತ್ತಾರೆ. ನೀರಿನ ಅಭಾವವಿರುವ ಒಣ ಪ್ರದೇಶಗಳಲ್ಲಿ ಹುಲ್ಲಿನ ಗ್ರೀನ್ ಬದಲಿಗೆ ಮರಳಿಗೆ ಎಣ್ಣೆ ಬೆರೆಸಿ ಸಮತಟ್ಟು ಮಾಡಿದ ‘ಬ್ರೌನ್’ ಅಂಗಳಗಳನ್ನು ಬಳಸುವ ಪದ್ಧತಿಯೂ ಇದೆ.

ಪ್ರವೇಶದ ವಿಧಗಳು

ಪ್ರವೇಶದ ದೃಷ್ಟಿಯಿಂದ ಗಾಲ್ಫ್ ಮೈದಾನಗಳನ್ನು ನಾಲ್ಕು ವಿಧಗಳಾಗಿ ವಿಂಗಡಿಸಬಹುದು.

ಸಾರ್ವಜನಿಕ ಮೈದಾನಗಳು: ನಿಗದಿತ ಶುಲ್ಕ ತೆತ್ತ ಯಾರಾದರೂ ಇಲ್ಲಿ ಆಡಬಹುದು. ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನವು ಈ ವರ್ಗಕ್ಕೆ ಸೇರಿದೆ. ಅಲ್ಲಿ ಆಟದ ಸಮಯದ ಒಂದು ಭಾಗವನ್ನು ಚೀಟಿ ಎತ್ತಿ ಹಂಚಲಾಗುತ್ತದೆ. ಸಾಮಾನ್ಯವಾಗಿ ಭಾನುವಾರ ಆಟ ನಿಲ್ಲಿಸಿ ಊರಿನವರ ವಿಹಾರಕ್ಕೆ ಬಿಡಲಾಗುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆತ್‌ಪೇಜ್ ಉದ್ಯಾನದ ಮೈದಾನಗಳು ಇನ್ನೊಂದು ಉದಾಹರಣೆ. ಭಾರತದಲ್ಲಿ ಇವುಗಳ ಸಂಖ್ಯೆ ಬಹಳ ಕಡಿಮೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಕುತುಬ್ ಗಾಲ್ಫ್ ಮೈದಾನವು ದೇಶದ ಮೊದಲ ಸಾರ್ವಜನಿಕ ಗಾಲ್ಫ್ ಮೈದಾನವೆಂದು ಹೆಸರಾಗಿದೆ.

ಸದಸ್ಯರ ಕ್ಲಬ್‌ಗಳು: ಸದಸ್ಯರಲ್ಲದವರು ಸಾಮಾನ್ಯವಾಗಿ ಸದಸ್ಯರೊಬ್ಬರ ಅತಿಥಿಯಾಗಿ, ಇಲ್ಲವೇ ಪರಸ್ಪರ ಒಪ್ಪಂದವಿರುವ ಬೇರೊಂದು ಕ್ಲಬ್ಬಿನ ಸದಸ್ಯರಾಗಿ ಮಾತ್ರ ಆಡಬಹುದು. ಕೆಲವು ಕ್ಲಬ್‌ಗಳು ವಾರದ ದಿನಗಳಲ್ಲಿ ಹೆಚ್ಚಿನ ಶುಲ್ಕ ಪಡೆದು ಹೊರಗಿನವರಿಗೂ ಅವಕಾಶ ನೀಡುತ್ತವೆ.

ವಿಹಾರಧಾಮದ ಮೈದಾನಗಳು: ಹೋಟೆಲಿನಲ್ಲಿ ತಂಗುವ ಅತಿಥಿಗಳಿಗೆ ಆದ್ಯತೆ ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಪೆಬಲ್ ಬೀಚ್ ಇದಕ್ಕೆ ಪ್ರಸಿದ್ಧ ಉದಾಹರಣೆ.

ಸೇನಾ ಮೈದಾನಗಳು: ಇವು ರಕ್ಷಣಾ ಇಲಾಖೆಯ ಭೂಮಿಯಲ್ಲಿದ್ದು, ಸೈನಿಕರು ಮತ್ತು ನಿವೃತ್ತ ಸೈನಿಕರಿಗೆ ಮೊದಲ ಅವಕಾಶ. ನಾಗರಿಕರ ಪ್ರವೇಶವು ಸ್ಥಳೀಯ ಆಡಳಿತದ ಅನುಮತಿಯನ್ನು ಅವಲಂಬಿಸಿರುತ್ತದೆ.

ಕರ್ನಾಟಕದ ಮೈದಾನಗಳು

ಬೆಂಗಳೂರು ಮತ್ತು ಸುತ್ತಮುತ್ತ: ನಗರದ ಮಧ್ಯಭಾಗದಲ್ಲಿ ಸ್ಯಾಂಕಿ ರಸ್ತೆಯ ಬಳಿ ಬೆಂಗಳೂರು ಗಾಲ್ಫ್ ಕ್ಲಬ್ ಇದೆ. ನಗರದ ಪೂರ್ವಭಾಗದ ಚಲ್ಲಘಟ್ಟದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನವನ್ನು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ವಿನ್ಯಾಸಗೊಳಿಸಿದರು. ಅವರು ಬ್ರಿಟಿಷ್ ಓಪನ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಆಟಗಾರ. ಬೆಂಗಳೂರಿನ ಅದಿತಿ ಅಶೋಕ್ ಬಾಲ್ಯದಲ್ಲಿ ಆಟ ಕಲಿತದ್ದು ಇದೇ ಮೈದಾನದಲ್ಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಒಂದೇ ಹೊಡೆತದ ಅಂತರದಲ್ಲಿ ಕಂಚಿನ ಪದಕವನ್ನು ಕಳೆದುಕೊಂಡು ನಾಲ್ಕನೆಯ ಸ್ಥಾನ ಪಡೆದರು. ಬಿಡದಿಯ ಈಗಲ್‌ಟನ್ ಹಾಗೂ ನಂದಿಬೆಟ್ಟದ ಸಮೀಪದ ಪ್ರೆಸ್ಟೀಜ್ ಗಾಲ್ಫ್‌ಶೈರ್ ವಿಹಾರಧಾಮದ ಮಾದರಿಯವು.

ಮೈಸೂರು: ಚಾಮುಂಡಿ ಬೆಟ್ಟದ ಬುಡದಲ್ಲಿ, ಕುದುರೆ ಓಟದ ಮೈದಾನದ ಆವರಣದಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ.

ಮಲೆನಾಡು ಮತ್ತು ಕೊಡಗು: ಕಾಫಿ ತೋಟಗಳ ಈ ಸೀಮೆಯಲ್ಲಿ ಚಿಕ್ಕಮಗಳೂರು, ಮಡಿಕೇರಿ, ಪಾಲಿಬೆಟ್ಟ ಹಾಗೂ ವಿರಾಜಪೇಟೆ ಬಳಿಯ ಬಿಟ್ಟಂಗಾಲಗಳಲ್ಲಿ ಮೈದಾನಗಳಿವೆ.

ಕರಾವಳಿ: ಮಂಗಳೂರು ನಗರದ ಹೊರವಲಯದಲ್ಲಿ, ವಾಮಂಜೂರಿನ ಬಳಿಯ ಪಿಲಿಕುಳ ನಿಸರ್ಗಧಾಮದ ಆವರಣದಲ್ಲಿ ಗಾಲ್ಫ್ ಮೈದಾನವಿದೆ. ತುಳು ಭಾಷೆಯಲ್ಲಿ ‘ಪಿಲಿಕುಳ’ ಎಂದರೆ ಹುಲಿಯ ಕೊಳ. ಇದು ಕಡಲಂಚಿನಲ್ಲಿಲ್ಲ, ಮುರಕಲ್ಲಿನ ದಿಣ್ಣೆ ಪ್ರದೇಶದಲ್ಲಿದೆ. ಮೃಗಾಲಯ ಮತ್ತು ವಿಜ್ಞಾನ ಕೇಂದ್ರ ಅದೇ ಆವರಣದಲ್ಲಿರುವುದರಿಂದ ಕುಟುಂಬದೊಡನೆ ಹೋಗುವವರಿಗೆ ಅನುಕೂಲ. ಕಾರವಾರದಿಂದ ಉತ್ತರಕ್ಕೆ ಗೋವಾದ ಕಾಣಕೋಣ ತಾಲ್ಲೂಕಿನ ರಾಜಬಾಗದಲ್ಲಿ ಸಮುದ್ರಕ್ಕೆ ತಾಗಿದ ವಿಹಾರಧಾಮವೊಂದು 9 ಕುಳಿಗಳ ಮೈದಾನವನ್ನು ಹೊಂದಿದೆ. ಕಡಲತೀರದ ಗಾಲ್ಫ್ ವಿಹಾರಧಾಮ ಎಂಬ ಕಲ್ಪನೆಗೆ ಉತ್ತರ ಕನ್ನಡದ ಗಡಿಗೆ ಹತ್ತಿರವಿರುವ ಉದಾಹರಣೆ ಇದು.

ಬೆಳಗಾವಿ: ಇಲ್ಲಿಯ ಗಾಲ್ಫ್ ಮೈದಾನವು ನಗರದೊಳಗೇ ಇರುವ ವಿಸ್ತಾರವಾದ ಹಸಿರು ಪ್ರದೇಶ. 2022ರ ಆಗಸ್ಟ್‌ನಲ್ಲಿ ಈ ಮೈದಾನದಲ್ಲಿ ಚಿರತೆಯೊಂದು ಸೇರಿಕೊಂಡಾಗ ಸುತ್ತಲಿನ ಶಾಲೆಗಳಿಗೆ ರಜೆ ಘೋಷಿಸಲಾಯಿತು; ಶೋಧಕ್ಕಾಗಿ ಶಿವಮೊಗ್ಗದ ಸಕ್ರೆಬೈಲು ಬಿಡಾರದಿಂದ ಆನೆಗಳನ್ನು ಕರೆಸಲಾಗಿತ್ತು.

ವಿಜಯಪುರ ಜಿಲ್ಲೆಯಿಂದ ಪ್ರಯಾಣ

ವಿಜಯಪುರದಿಂದ ಬೆಳಗಾವಿಗೆ ಎರಡು ರಸ್ತೆಗಳು ರೂಢಿಯಲ್ಲಿವೆ. ಒಂದು ತಿಕೋಟಾ, ಅಥಣಿಗಳ ಮೂಲಕ ಸಾಗುತ್ತದೆ. ಇನ್ನೊಂದು ಬಬಲೇಶ್ವರ, ಜಮಖಂಡಿ, ಮುಧೋಳಗಳ ಮೂಲಕ ಸಾಗುತ್ತದೆ. ಆದ್ದರಿಂದ ಈ ಎರಡೂ ತಾಲ್ಲೂಕುಗಳವರು ಬೆಳಗಾವಿಗೆ ಹೋಗಲು ಜಿಲ್ಲಾ ಕೇಂದ್ರಕ್ಕೆ ಬರಬೇಕಾಗಿಲ್ಲ.

ಕರಾವಳಿಗೆ ರಾಷ್ಟ್ರೀಯ ಹೆದ್ದಾರಿ 52 ನೇರ ಮಾರ್ಗ. ಇದು ಕೊಲ್ಹಾರದ ಬಳಿ ಕೃಷ್ಣಾ ನದಿಯನ್ನು ದಾಟಿ, ಹುಬ್ಬಳ್ಳಿ, ಯಲ್ಲಾಪುರಗಳನ್ನು ಹಾದು, ಅರಬೈಲು ಘಟ್ಟವನ್ನಿಳಿದು ಅಂಕೋಲಾದಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಕಾರವಾರ ಮತ್ತು ಗೋವಾಕ್ಕೂ ದಕ್ಷಿಣಕ್ಕೆ ಮಂಗಳೂರಿಗೂ ಹೋಗಬಹುದು. ವಿಜಯಪುರ–ಮಂಗಳೂರು ರೈಲು ಹುಬ್ಬಳ್ಳಿ, ಹಾಸನ, ಸಕಲೇಶಪುರ ಮಾರ್ಗವಾಗಿ ಘಟ್ಟವನ್ನಿಳಿಯುತ್ತದೆ. ಬೆಂಗಳೂರು ಮತ್ತು ಮೈಸೂರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ.

ಪ್ರವಾಸದ ಯೋಜನೆ

ಕಾಲ: ವಿಜಯಪುರ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಆದರೆ ಮಂಗಳೂರಿನಲ್ಲಿ ಅದು 3500 ಮಿ.ಮೀ.ಗಿಂತ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಕರಾವಳಿಯಲ್ಲಿ ಆಟ ಅನಿಶ್ಚಿತ. ಘಟ್ಟದ ರಸ್ತೆ ಮತ್ತು ರೈಲು ಮಾರ್ಗಗಳಲ್ಲಿ ಭೂಕುಸಿತದ ಅಪಾಯವೂ ಇರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು ಮತ್ತು ಹೆದ್ದಾರಿ 66 ಬಂದಾಯಿತು. ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಕರಾವಳಿಗೂ ಒಳನಾಡಿಗೂ ಸೂಕ್ತ. ಗುಡುಗು ಸಿಡಿಲಿನ ಸಮಯದಲ್ಲಿ ತೆರೆದ ಮೈದಾನದಲ್ಲಿರುವುದು ಪ್ರಾಣಾಪಾಯಕಾರಿಯಾದ್ದರಿಂದ ಎಲ್ಲ ಮೈದಾನಗಳಲ್ಲಿಯೂ ಆಟವನ್ನು ನಿಲ್ಲಿಸಲಾಗುತ್ತದೆ.

ಅನುಮತಿ: ಕೋಣೆ ಕಾಯ್ದಿರಿಸುವ ಮೊದಲು ಆಟದ ಸಮಯವನ್ನು ಕಾಯ್ದಿರಿಸುವುದು ಸರಿಯಾದ ಕ್ರಮ. ಪಂದ್ಯಾವಳಿ ನಡೆಯುವ ದಿನಗಳಲ್ಲಿ ಹೊರಗಿನವರಿಗೆ ಪ್ರವೇಶವಿರುವುದಿಲ್ಲ. ಕೆಲವು ಮೈದಾನಗಳು ಆಟಗಾರನ ಸಾಮರ್ಥ್ಯವನ್ನು ಸೂಚಿಸುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರವನ್ನು ಕೇಳುತ್ತವೆ. 2020ರಿಂದ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿ ಬಳಕೆಗೆ ಬಂದಿದ್ದು, ಅದರಲ್ಲಿ ಗರಿಷ್ಠ ಮಿತಿ 54. ಹ್ಯಾಂಡಿಕ್ಯಾಪ್ ಇಲ್ಲದ ಹೊಸಬರು ಹೊಡೆತಗಳ ಅಭ್ಯಾಸಕ್ಕೆಂದೇ ಇರುವ ಡ್ರೈವಿಂಗ್ ರೇಂಜ್‌ನಲ್ಲಿ ಆರಂಭಿಸಬಹುದು.

ಖರ್ಚು: ಮೈದಾನದ ಶುಲ್ಕದ ಜೊತೆಗೆ ಕ್ಯಾಡಿಯ ಕೂಲಿ, ಕೋಲುಗಳ ಬಾಡಿಗೆ ಮತ್ತು ಗಾಡಿಯ ಬಾಡಿಗೆಗಳು ಬೇರೆಯಾಗಿ ಬೀಳಬಹುದು. ಶನಿವಾರ, ಭಾನುವಾರಗಳಲ್ಲಿ ದರ ಹೆಚ್ಚಿರುವುದು ಸಾಮಾನ್ಯ. ಕ್ಯಾಡಿ ಆಟಗಾರನ ಚೀಲ ಹೊರುವುದಷ್ಟೇ ಅಲ್ಲದೆ ನೆಲದ ಇಳಿಜಾರು, ಗಾಳಿಯ ದಿಕ್ಕು ಮತ್ತು ದೂರವನ್ನು ತಿಳಿಸಿಕೊಡುತ್ತಾನೆ.

ಉಡುಪು: ಹೆಚ್ಚಿನ ಕ್ಲಬ್‌ಗಳಲ್ಲಿ ಕಾಲರ್ ಇರುವ ಅಂಗಿ ಮತ್ತು ಮೈದಾನಕ್ಕೆ ತಕ್ಕ ಬೂಟು ಕಡ್ಡಾಯ.

ನೀರು, ಭೂಮಿ ಮತ್ತು ವಿವಾದಗಳು

ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಹುಲ್ಲು ತಾನಾಗಿ ಬೆಳೆಯುತ್ತದೆ. ದಖನ್ನಿನ ಒಣನೆಲದಲ್ಲಿ ಅದನ್ನು ನೀರು ಹಾಯಿಸಿ ಬೆಳೆಸಬೇಕು. ಒಂದು ಹೆಕ್ಟೇರಿಗೆ ಒಂದು ಮಿ.ಮೀ. ನೀರು ಎಂದರೆ 10,000 ಲೀಟರ್. 20 ಹೆಕ್ಟೇರ್ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ನೀರು ಹಾಯಿಸಿದರೆ 10 ಲಕ್ಷ ಲೀಟರ್ ಬೇಕಾಗುತ್ತದೆ. ತಿಕೋಟಾ ಮತ್ತು ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ಬರಗಾಲದಲ್ಲಿ ಟ್ಯಾಂಕರ್ ನೀರು ತಂದು ಹನಿ ನೀರಾವರಿಯಿಂದ ಬಳ್ಳಿಗಳನ್ನು ಉಳಿಸಿಕೊಂಡವರು. ಕೃಷ್ಣಾ ನದಿಯ ನೀರನ್ನು ಇಲ್ಲಿಗೆ ತರಲು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯನ್ನು ಕೈಗೊಳ್ಳಬೇಕಾಯಿತು. ಇಂತಹ ಪ್ರದೇಶದಲ್ಲಿ ಆಟದ ಹುಲ್ಲಿಗೆ ನೀರು ಎಲ್ಲಿಂದ ಎಂಬುದು ಸಹಜವಾಗಿ ಏಳುವ ಪ್ರಶ್ನೆ. ಸಂಸ್ಕರಿಸಿದ ಕೊಳಚೆ ನೀರಿನ ಬಳಕೆ, ಮಳೆನೀರಿನ ಸಂಗ್ರಹ, ಕಡಿಮೆ ನೀರು ಬೇಡುವ ಗರಿಕೆ ಜಾತಿಯ ಹುಲ್ಲು ಹಾಗೂ ಬ್ರೌನ್ ಅಂಗಳಗಳು ಇದಕ್ಕೆ ಬಳಕೆಯಲ್ಲಿರುವ ಪರಿಹಾರಗಳು.

ಭೂಮಿಯ ಬಳಕೆಯೂ ಚರ್ಚೆಗೆ ಒಳಗಾಗಿದೆ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನ ಇರುವ ಜಾಗ ಹಿಂದೆ ಚಲ್ಲಘಟ್ಟ ಕೆರೆಯಾಗಿತ್ತು. ಬೆಂಗಳೂರಿನ ಕಣ್ಮರೆಯಾದ ಕೆರೆಗಳ ಪಟ್ಟಿಯಲ್ಲಿ ಅದರ ಹೆಸರನ್ನು ಸಾಮಾನ್ಯವಾಗಿ ಸೇರಿಸಲಾಗುತ್ತದೆ. ಮತ್ತೊಂದೆಡೆ, ಕಟ್ಟಡಗಳಿಂದ ತುಂಬಿದ ನಗರದಲ್ಲಿ ಉಳಿದಿರುವ ದೊಡ್ಡ ಹಸಿರು ಪ್ರದೇಶಗಳಲ್ಲಿ ಗಾಲ್ಫ್ ಮೈದಾನಗಳೂ ಸೇರಿವೆ ಎಂಬ ವಾದವೂ ಇದೆ.

ಕರಾವಳಿಯಲ್ಲಿ ಹೊಸ ವಿಹಾರಧಾಮಗಳ ನಿರ್ಮಾಣವು 1991ರಲ್ಲಿ ಮೊದಲು ಹೊರಡಿಸಿ, ಮುಂದೆ 2011 ಮತ್ತು 2019ರಲ್ಲಿ ಬದಲಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗೆ ಒಳಪಟ್ಟಿದೆ. ರಾಜಬಾಗದ ನೆರೆಯ ಗಾಲ್ಜಿಬಾಗ ಕಡಲತೀರವು ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ಸ್ಥಳ. ಅಂತರರಾಷ್ಟ್ರೀಯ ಮಟ್ಟದಲ್ಲಿ ನೀರು, ಕೀಟನಾಶಕ ಮತ್ತು ರೈತರ ಭೂಮಿಯ ಪ್ರಶ್ನೆಗಳನ್ನು ಮುಂದಿಟ್ಟು 1993ರ ಏಪ್ರಿಲ್ 29ರಂದು ಜಾಗತಿಕ ಗಾಲ್ಫ್ ವಿರೋಧಿ ಚಳವಳಿ ಆರಂಭವಾಯಿತು. ಸಾರ್ವಜನಿಕ ಮೈದಾನಗಳ ಕೊರತೆಯಿಂದಾಗಿ, ಸಾಮಾನ್ಯ ಜನರ ನೀರು ಮತ್ತು ಭೂಮಿಯನ್ನು ಬಳಸುವ ಆಟವು ಅವರಿಗೇ ದೊರಕುವುದಿಲ್ಲ ಎಂಬ ಆಕ್ಷೇಪವೂ ಭಾರತದಲ್ಲಿ ಈ ಚರ್ಚೆಯ ಭಾಗವಾಗಿದೆ.